ಗೋದಾಮಿನ ಹಿಂದಿನ ಎಂಬತ್ತು ಹೆಜ್ಜೆ

ನಲವತ್ತಮೂರು ವರ್ಷಗಳ ಹಿಂದೆ, ಒಂದು ಭಾನುವಾರದ ಮುಂಜಾನೆ, ಹತ್ತು ಕಿಲೋಮೀಟರಿನ ವೇಗನಡಿಗೆಯ ಸ್ಪರ್ಧೆಯಲ್ಲಿ ಹೆಂಗಸರಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿ ಮೀಟರಕ್ಕ ಒಂದು ಇಸ್ತ್ರಿಪೆಟ್ಟಿಗೆಯನ್ನು ಗೆದ್ದಿದ್ದಳು. ಗಂಡಸರಲ್ಲಿ ಮೊದಲು ಬಂದವನಿಗೆ ಸೈಕಲ್ಲು, ಎರಡನೆಯವನಿಗೆ ರೇಡಿಯೊ, ಮೂರನೆಯವನಿಗೆ ಗೋಡೆ ಗಡಿಯಾರ, ಗೆರೆಯ ಈಚೆಗೇ ಮೂರ್ಛೆ ಹೋದವನಿಗೂ ಒಂದು ಟವೆಲ್ಲು ಸಿಕ್ಕಿತ್ತು. ಹೆಂಗಸರಲ್ಲಿ ಮೊದಲನೆಯವಳಿಗೆ ಇಸ್ತ್ರಿಪೆಟ್ಟಿಗೆ, ಎರಡನೆಯವಳಿಗೆ ಸೋಪಿನ ಡಬ್ಬಿ, ಉಳಿದವರಿಗೆಲ್ಲ ಅಧ್ಯಕ್ಷರ ಭಾಷಣ. ಆ ಗೆಲುವು ಸುಮ್ಮನೆ ಬಂದದ್ದಲ್ಲ. ನೀರಿನ ಇಲಾಖೆಯಲ್ಲಿ ಮನೆಮನೆಯ ಮೀಟರು ಓದುವ ಕೆಲಸದಲ್ಲಿದ್ದ ಅವಳು ದಿನಕ್ಕೆ ಹದಿನಾರು ಕಿಲೋಮೀಟರು ನಡೆಯುತ್ತಿದ್ದಳು. ನಾಯಿಗಳಿಂದ ವೇಗವನ್ನೂ, ತಲೆಗೆ ಬಡಿಯುವ ನಲ್ಲಿಗಳಿಂದ ತಾಳ್ಮೆಯನ್ನೂ ಕಲಿತಿದ್ದಳು. ಅಣ್ಣನ ಹಳೆಯ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಕೊಂಡು ಎರಡು ವರ್ಷ ಅಭ್ಯಾಸ ಮಾಡಿದ್ದಳು. ಇದೆಲ್ಲವೂ ನಿಜ. ಮೊಮ್ಮಗಳು ಶಾಲೆಯಲ್ಲಿ 'ನನ್ನ ಆದರ್ಶ ವ್ಯಕ್ತಿ' ಎಂಬ ಪ್ರಬಂಧದಲ್ಲಿ ಇದನ್ನೆಲ್ಲ ಬರೆದು ಮೊದಲ ಬಹುಮಾನವಾಗಿ ನಿಘಂಟೊಂದನ್ನು ಪಡೆದಿದ್ದಳು. ಪ್ರಬಂಧದಲ್ಲಿಲ್ಲದ, ಯಾರಿಗೂ ಗೊತ್ತಿಲ್ಲದ ಸಂಗತಿ ಒಂದೇ. ಎಂಟನೆಯ ಕಿಲೋಮೀಟರಿನಲ್ಲಿ, ಗೋದಾಮಿನ ಹಿಂದಿನ ತಿರುವಿನಲ್ಲಿ, ಅಲ್ಲಿ ನಿಂತಿರಬೇಕಾಗಿದ್ದ ತೀರ್ಪುಗಾರ ಚಹಾ ಕುಡಿಯಲು ಹೋಗಿದ್ದಾಗ, ಮೀಟರಕ್ಕ ಓಡಿದ್ದಳು.

ನಡಿಗೆಯ ಸ್ಪರ್ಧೆಯಲ್ಲಿ ಓಡುವುದೆಂದರೆ ಈಜುವ ಸ್ಪರ್ಧೆಯಲ್ಲಿ ದೋಣಿ ಹತ್ತಿದಂತೆ. ನಿಯಮವೇನೋ ಮಗುವಿಗೂ ತಿಳಿಯುವಷ್ಟು ಸರಳ: ಯಾವ ಕ್ಷಣದಲ್ಲೂ ಒಂದು ಕಾಲು ನೆಲ ಮುಟ್ಟಿರಬೇಕು, ಎರಡೂ ಎದ್ದರೆ ತಪ್ಪು. ಎದ್ದಿತೋ ಇಲ್ಲವೋ ಎಂಬುದನ್ನು ತೀರ್ಪುಗಾರರು ಯಂತ್ರವಿಲ್ಲದೆ ಬರಿಗಣ್ಣಿನಿಂದ ನೋಡಿ ಹೇಳಬೇಕು. ಅನುಮಾನ ಬಂದರೆ ಹಳದಿ ಹಲಗೆ, ಖಾತ್ರಿಯಾದರೆ ಕೆಂಪು ಚೀಟಿ, ಮೂವರ ಮೂರು ಕೆಂಪು ಚೀಟಿ ಬಿದ್ದರೆ ಮನೆಗೆ. ವಿಧಿಯ ತಮಾಷೆ ನೋಡಿ, ಕಳೆದ ಇಪ್ಪತ್ತು ವರ್ಷಗಳಿಂದ ಮೀಟರಕ್ಕನೇ ಈ ಸ್ಪರ್ಧೆ ನಡೆಸುವ ಸಂಘದ ಮುಖ್ಯ ತೀರ್ಪುಗಾರ್ತಿ. ಅವಳು ಬೀದಿಯಲ್ಲಿ ಬರುವುದು ಕಂಡರೆ ಬಸ್ಸಿಗೆ ಓಡುತ್ತಿದ್ದವರೂ ಒಂದು ಕ್ಷಣ ನಡೆಯತೊಡಗುತ್ತಿದ್ದರು. ಅವಳ ಕಣ್ಣು ತಪ್ಪಿಸಿ ಒಂದು ಹಿಮ್ಮಡಿಯೂ ಏಳುವಂತಿರಲಿಲ್ಲ. ಅದೇ ಕಣ್ಣು ರಾತ್ರಿ ಮುಚ್ಚಿದೊಡನೆ ಗೋದಾಮಿನ ಗೋಡೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಬೂದುಬಣ್ಣದ ತಗಡು, ಅದರ ನೆರಳಿನಲ್ಲಿ ಮಲಗಿದ್ದ ನಾಯಿ. ನಾಯಿ ತಲೆಯೆತ್ತಿ ನೋಡಿತ್ತು, ಬೊಗಳಿರಲಿಲ್ಲ. ಬೊಗಳಿದ್ದರೆ ಎಷ್ಟೋ ಚೆನ್ನಾಗಿತ್ತೆಂದು ಮೀಟರಕ್ಕನಿಗೆ ಈಗಲೂ ಅನ್ನಿಸುತ್ತದೆ. ಮುಂದೆ ನಡೆಯುತ್ತಿದ್ದವಳು ಒಬ್ಬ ನರ್ಸು. ತಿರುವಿನ ಮೊದಲು ಅವಳು ಮುಂದಿದ್ದಳು, ತಿರುವಿನ ನಂತರ ಹಿಂದಿದ್ದಳು, ಸೋಪಿನ ಡಬ್ಬಿ ತೆಗೆದುಕೊಂಡು ನಗುತ್ತ ಕೈಕುಲುಕಿದ್ದಳು. ಮುಂದೊಮ್ಮೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಅದೇ ನರ್ಸು ಸೊಂಟಕ್ಕೆ ಚುಚ್ಚಿದ ಸೂಜಿ ಬೇಕೆಂದೇ ಮೊಂಡಾಗಿತ್ತೆಂದು ಮೀಟರಕ್ಕ ಒಂದು ವಾರ ನಂಬಿದ್ದಳು. ಇಸ್ತ್ರಿಪೆಟ್ಟಿಗೆಯಂತೂ ಮೊದಲ ದಿನವೇ ಗಂಡನ ಅಂಗಿಯ ಬೆನ್ನಿನಲ್ಲಿ ತನ್ನ ಆಕಾರದ ಒಂದು ರಂಧ್ರವನ್ನು ಕೊರೆದು ತೀರ್ಪು ಕೊಟ್ಟಿತ್ತು.

ಇಂದು ಮಂಗಳವಾರ. ಹನ್ನೊಂದು ಗಂಟೆಗೆ, ಈ ವರ್ಷದ ಸ್ಪರ್ಧೆಯ ಕುರಿತು, ಸಂಘದ ಸಭೆ. ಅಲ್ಲಿ ಮೀಟರಕ್ಕ ಒಂದು ಕಾಗದಕ್ಕೆ ಸಹಿ ಹಾಕಬೇಕು. ಕಾರ್ಯದರ್ಶಿ ಅದನ್ನು ಮುಂಚಿತವಾಗಿಯೇ ಕಳುಹಿಸಿಕೊಟ್ಟಿದ್ದ. ಕನ್ನಡಿಯ ಮುಂದೆ ನಿಂತು ಅವಳು ಮೂರನೆಯ ಸಲ ಓದಿದಳು. 'ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸದರಿ ಸ್ಪರ್ಧಿಯು ಟ್ರಾನ್ಸ್‌ಜೆಂಡರ್ ಆಗಿರುವುದರಿಂದ ಹೆಂಗಸರ ವಿಭಾಗದಲ್ಲಿ ಅನುಚಿತ ಅನುಕೂಲವನ್ನು ಹೊಂದಿರುತ್ತಾಳೆಂದು ಮುಖ್ಯ ತೀರ್ಪುಗಾರ್ತಿಯಾದ ನಾನು ದೃಢೀಕರಿಸುತ್ತೇನೆ.' ಅನುಚಿತ ಅನುಕೂಲ. ಆ ಎರಡು ಪದಗಳು ಬೂಟಿನೊಳಗಿನ ಕಲ್ಲಿನಂತೆ ಬೆಳಗಿನಿಂದ ಒತ್ತುತ್ತಿದ್ದವು. ಸಹಿ ಹಾಕಿದರೆ ತಾನು ಯಾವ ಮುಖ ಹೊತ್ತು ಹಾಕಿದಂತಾಯಿತು? ಹಾಕದಿದ್ದರೆ ಏಕೆಂದು ಕೇಳುತ್ತಾರೆ. ಏಕೆಂದು ಹೇಳಿದರೆ ಊರು ನಕ್ಕೀತು. ನಗಲಿ, ಊರಿಗೆ ಬೇರೆ ಕೆಲಸವೇನಿದೆ. ಆದರೆ ಹದಿನಾರು ವರ್ಷದ ಆ ಹುಡುಗಿ, ಈಗ ಬಚ್ಚಲುಮನೆಯಲ್ಲಿ ಹಾಡು ಹೇಳುತ್ತ ಬಿಸಿನೀರನ್ನೆಲ್ಲ ಖಾಲಿ ಮಾಡುತ್ತಿರುವ ಮೊಮ್ಮಗಳು, ಅಜ್ಜಿಯ ಕತೆಯ ಮೇಲೆಯೇ ಕಾಲೂರಿ ನಡಿಗೆ ಕಲಿತವಳು, ಅವಳೊಬ್ಬಳು ಮುಖ ತಿರುಗಿಸಿದರೆ ಏನು ಮಾಡುವುದು? ಈ ಯೋಚನೆ ಬಂದಾಗಲೆಲ್ಲ ಮೀಟರಕ್ಕನ ಮೂಗು ಬೆವರಿ ಕನ್ನಡಕ ಜಾರುತ್ತಿತ್ತು. ನಾಲ್ಕು ಸಲ ಮೇಲೇರಿಸಿದಳು. ಐದನೆಯ ಸಲ ಅದು ನೇರವಾಗಿ ಚಹಾದ ಲೋಟಕ್ಕೆ ಬಿತ್ತು.

ಕನ್ನಡಕದ ಅಂಗಡಿಯ ಬೀದಿಯನ್ನು ತಪ್ಪಿಸಬೇಕೆಂದು ಸುತ್ತುದಾರಿ ಹಿಡಿದವಳು, ಮೂಗಿನ ಮೇಲೆ ನಿಲ್ಲದ ಕನ್ನಡಕ ಕೈಯಲ್ಲಿದ್ದುದರಿಂದ ದಾರಿ ಕಾಣದೆ ಅದೇ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಕನ್ನಡಕದವಳು ಒಂದು ಗಾಜನ್ನು ಬೆಳಕಿಗೆ ಹಿಡಿದಿದ್ದಳು. ಹುಟ್ಟಿದಾಗ ಊರು ಅವಳನ್ನು ಗಂಡುಮಗುವೆಂದು ಬರೆದುಕೊಂಡಿತ್ತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವಳು ಆ ಬರವಣಿಗೆಯನ್ನು ತಿದ್ದಿಸಿದಳು. ಆಗ ಮಾತು ಬಿಟ್ಟ ಅವಳ ಅಪ್ಪ ಕಣ್ಣಿನ ಪೊರೆ ಬಂದ ಮೇಲೆ ಕನ್ನಡಕಕ್ಕಾಗಿ ಬಂದು, ಬಂದವನು ಮಾತಿಗೂ ಬಂದಿದ್ದ. ಇದೆಲ್ಲ ಎಂಟು ವರ್ಷದ ಹಳೆಯ ಸುದ್ದಿ. ಈಗ ಬೆಳಗಿನ ಐದೂವರೆಗೆ ಮೈದಾನದಲ್ಲಿ ಮೊಮ್ಮಗಳ ಜೊತೆ ನಡೆಯುತ್ತಾಳೆ. ಒಂದು ದಿನ ಇವಳು ಮುಂದೆ, ಒಂದು ದಿನ ಅವಳು ಮುಂದೆ.

"ಬನ್ನಿ ಮೀಟರಕ್ಕ. ಜಾರ್ತಿರೋದು ಕನ್ನಡಕಾನೋ, ಮೂಗೋ?"

"ಕನ್ನಡಕ ಕಣೆ."

"ಹಾಗಿದ್ರೆ ನಮ್ಮಲ್ಲಾಗುತ್ತೆ. ಮೂಗಾದ್ರೆ ಬೇರೆ ಅಂಗಡಿ." ಅವಳು ಕನ್ನಡಕವನ್ನು ತೆಗೆದುಕೊಂಡು ಮೂಸಿ ನೋಡಿದಳು. "ಸಕ್ಕರೆ ಜಾಸ್ತಿ ಹಾಕ್ಕೊಳ್ತೀರಿ ನೀವು."

ಸಣ್ಣ ತಿರುಪು, ಅದಕ್ಕಿಂತ ಸಣ್ಣ ತಿರುಪುಳಿ. ಅವಳ ಉದ್ದನೆಯ ಬೆರಳುಗಳು ಹಕ್ಕಿಯ ಕೊಕ್ಕಿನಂತೆ ಕೆಲಸ ಮಾಡುವುದನ್ನು, ಕನ್ನಡಕವಿಲ್ಲದ ಮಂಜಿನೊಳಗಿಂದ, ಮೀಟರಕ್ಕ ನೋಡುತ್ತಿದ್ದಳು. ಬರಿಗಣ್ಣು ಎಂದು ನಿಯಮ ಹೇಳುತ್ತದೆ. ಕನ್ನಡಕ ಹಾಕಿದ ಕಣ್ಣು ಬರಿಗಣ್ಣೇ ಎಂದು ಮೇಲಿನ ಒಕ್ಕೂಟ ಒಂದು ಸುತ್ತೋಲೆ ಕಳಿಸಿ ತಿಳಿಸಿತ್ತು. ಆ ಲೆಕ್ಕದಲ್ಲಿ ಆರು ವರ್ಷಗಳಿಂದ ಈ ಊರಿನ ನ್ಯಾಯವೆಲ್ಲ ಈ ಹುಡುಗಿಯ ತಿರುಪುಳಿಯ ತುದಿಯಲ್ಲೇ ನಿಂತಿದೆ.

"ಇವತ್ತು ನನ್ನ ಕಾಲಿನ ವಿಷ್ಯ ಮೀಟಿಂಗ್ ಅಂತಲ್ಲ?"

"ಕಾಲಿನ ವಿಷ್ಯ ಅಂತಲ್ಲ..."

"ಮತ್ತೆ? ಮೊನ್ನೆ ಕಾರ್ಯದರ್ಶಿ ಸಾಹೇಬ್ರು ಬಂದಿದ್ರು. ಫ್ರೇಮ್ ನೋಡ್ತೀನಿ ಅಂತ ಬಗ್ಗಿ ಬಗ್ಗಿ ಕೌಂಟರ್ ಕೆಳಗೆ ನನ್ನ ಚಪ್ಪಲೀನೇ ನೋಡ್ತಿದ್ರು. ಯಾಕೆ ಸುಮ್ನೆ ಸೊಂಟ ನೋಯಿಸ್ಕೊಳ್ತೀರಿ ಸಾರ್, ಏಳನೇ ನಂಬರ್ ಅಂದೆ. ಅವ್ರದ್ದು ಆರಂತೆ. ಮುಖ ಬಾಡಿಸ್ಕೊಂಡು ಹೋದ್ರು, ಪಾಪ."

ಮೀಟರಕ್ಕನಿಗೆ ನಗು ಬಂತು, ನಗುವಿನ ಬೆನ್ನಿಗೇ ನಾಚಿಕೆ. ಕನ್ನಡಕದವಳು ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುತ್ತ, ತಲೆಯೆತ್ತದೆ ಹೇಳಿದಳು: "ಡಾಕ್ಟ್ರ ಕಾಗದ ಕೊಟ್ಟಿದೀನಿ. ಮೂರು ಸಲ ಟೆಸ್ಟಿಗೆ ರಕ್ತ ಕೊಟ್ಟಿದೀನಿ. ಒಕ್ಕೂಟದವ್ರು ಸರಿ ಅಂದ ಮೇಲೇ ಹೆಸ್ರು ಕೊಟ್ಟಿದ್ದು. ನೀವು ಏನ್ ಬರೆದ್ರೂ ನಾನು ಬೇಜಾರು ಮಾಡ್ಕೊಳಲ್ಲ. ನೋಡಿ ಬರೀರಿ, ಅಷ್ಟೆ." ಆಮೇಲೆ ಕನ್ನಡಕವನ್ನು ತಾನೇ ಮೀಟರಕ್ಕನ ಕಿವಿಗೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆಮಾಡಿ ಅಳತೆ ನೋಡಿದಳು. "ನಿಮಗೆ ಗೊತ್ತಾ, ನಾನು ನಡಿಗೆಗೆ ಬಂದಿದ್ದೇ ನಿಮ್ಮ ಕತೆ ಕೇಳಿ. ಗೋದಾಮಿನ ತಿರುವಲ್ಲಿ ನರ್ಸನ್ನ ಹಿಂದೆ ಹಾಕಿದ್ದು. ಅಬ್ಬಾ! ಆ ತಿರುವು ಬಂದಾಗೆಲ್ಲ ನನಗೆ ಮೈ ಜುಮ್ಮನ್ನುತ್ತೆ."

ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುವ ಅಗತ್ಯವಿರಲಿಲ್ಲ. ಮೀಟರಕ್ಕ ಥ್ಯಾಂಕ್ಸ್ ಹೇಳುವುದನ್ನೂ ಮರೆತು, ವೇಗನಡಿಗೆಯಲ್ಲಿ, ಅಂಗಡಿಯಿಂದ ಹೊರಬಿದ್ದಳು.

ಸಂಘದ ಕಚೇರಿ ಹಾಸಿಗೆ ಅಂಗಡಿಯ ಮಹಡಿಯ ಮೇಲೆ. ಬಹುಮಾನ ಕೊಡುವವನು ಹಾಸಿಗೆ ಯಜಮಾನನೇ ಆದ್ದರಿಂದ ಬಾಡಿಗೆ ಕೇಳುತ್ತಿರಲಿಲ್ಲ, ಕುರ್ಚಿಗಳನ್ನೂ ಕೊಡುತ್ತಿರಲಿಲ್ಲ. ಸಭೆಯೆಲ್ಲ ಮಾರಾಟವಾಗದೆ ಉಳಿದ ಒಂದು ದೊಡ್ಡ ಸ್ಪ್ರಿಂಗಿನ ಹಾಸಿಗೆಯ ಅಂಚಿನ ಸುತ್ತ ನಡೆಯಬೇಕು. ಒಬ್ಬರು ಕುಳಿತರೆ ಇನ್ನೊಬ್ಬರು ಏಳುತ್ತಿದ್ದರು. ಕನ್ನಡಕದವಳ ವಿರುದ್ಧ ದೂರು ಬರೆದ ದಂತವೈದ್ಯೆ ದಡಕ್ಕನೆ ಕುಳಿತದ್ದೇ, ಎದುರಿಗಿದ್ದ ಮೀಟರಕ್ಕ ನಾಲ್ಕು ಅಂಗುಲ ಮೇಲೇರಿ, ಅವಳ ಎರಡೂ ಕಾಲು ನೆಲ ಬಿಟ್ಟವು. ಗಾಬರಿಯಿಂದ ಒಂದು ಹೆಬ್ಬೆರಳನ್ನಾದರೂ ನೆಲಕ್ಕೆ ತಾಗಿಸಲು ಅವಳು ಹೆಣಗಾಡಿದಳು. ಮೊಮ್ಮಗಳು ಎದೆಯ ನಂಬರು ತೆಗೆದುಕೊಳ್ಳಲೆಂದು ಬಂದು ಕೆಳಗೆ ಅಂಗಡಿಯಲ್ಲಿ ಕಾಯುತ್ತಿದ್ದಳು. ಮಹಡಿಯ ನೆಲ ಹಲಗೆಯದು. ಕೆಳಗೆ ಹಾಸಿಗೆಯ ಮೇಲೆ ಅವಳು ಕುಣಿಯುವ ಕಿರ್ ಕಿರ್ ಸದ್ದು ಮೇಲಕ್ಕೂ ಕೇಳಿಸುತ್ತಿತ್ತು.

"ನನಗೆ ಆ ಹುಡುಗಿ ಮೇಲೆ ದ್ವೇಷ ಇಲ್ಲ. ಅವಳ ಹಲ್ಲು ನಾನೇ ಕ್ಲೀನ್ ಮಾಡಿದೀನಿ," ಎಂದಳು ದಂತವೈದ್ಯೆ. "ಆದ್ರೆ ನನ್ನ ಮಗಳು ಐದು ವರ್ಷದಿಂದ ನಾಲ್ಕು ಗಂಟೆಗೆ ಏಳ್ತಾಳೆ. ಗೆದ್ದವಳೊಬ್ಬಳಿಗೇ ತರಬೇತಿ ಶಿಬಿರದಲ್ಲಿ ಜಾಗ. ಗಂಡಸ್ರಿಗೆ ಐದು ಜಾಗ, ನಮಗೆ ಒಂದು. ಆ ಒಂದ್ರಲ್ಲೂ ಹೆಚ್ಚುಕಮ್ಮಿ ಆದ್ರೆ ನಾನು ಸುಮ್ನಿರಬೇಕಾ?"

ಅದು ಸುಳ್ಳಲ್ಲವೆಂದು ಮೀಟರಕ್ಕನಿಗೆ ಗೊತ್ತಿತ್ತು. ತಟ್ಟೆಯಲ್ಲಿ ಒಂದೇ ಬಿಸ್ಕತ್ತಿಟ್ಟು ಹೆಂಗಸರ ಕಡೆ ನೂಕಿ, ಯಾರು ಯಾರ ಕೈ ತಳ್ಳುತ್ತಾರೆಂದು ನೋಡುವುದು ಈ ಸಂಘದ ಹಳೆಯ ಆಟ. ಅಂದು ಒಂದು ಇಸ್ತ್ರಿಪೆಟ್ಟಿಗೆಗಾಗಿ ತಾನು ಓಡಿದ್ದು ಯಾಕೆ? ಎರಡನೆಯ ಬಹುಮಾನ ರೇಡಿಯೊ ಆಗಿದ್ದಿದ್ದರೆ ಓಡುತ್ತಿದ್ದೆನೇ?

ಅವಳು ಉತ್ತರ ಹುಡುಕುವುದರೊಳಗೆ ಕಾರ್ಯದರ್ಶಿ, ಒಂದು ಕಿಲೋಮೀಟರನ್ನೂ ನಡೆಯದೆ ಹತ್ತು ಟ್ರ್ಯಾಕ್‌ಸೂಟುಗಳನ್ನು ಸವೆಸಿದವನು, ಪಟ್ಟಿಯಲ್ಲಿ ಕನ್ನಡಕದವಳ ಹೆಸರಿನ ಮೇಲೆ ಪೆನ್ನಿಟ್ಟಿದ್ದ. "ಮೀಟರಕ್ಕ ಸೈನ್ ಮಾಡಿದ್ರೆ ಇದನ್ನ ಹೊಡೆದುಹಾಕ್ತೀನಿ. ಮುಗೀತು."

ಹಾಸಿಗೆ ಯಜಮಾನ ಕುತ್ತಿಗೆ ಉದ್ದಮಾಡಿ ಪಟ್ಟಿಯನ್ನು ಎಣಿಸಿದ. "ಹೊಡೆದ್ರೆ ಹನ್ನೊಂದು ಆಗುತ್ತಲ್ರೀ. ನನ್ನ ಕಂಡೀಶನ್ ನೆನಪಿದೆಯಲ್ಲ? ಹನ್ನೆರಡು ಜನ ಹೆಂಗಸ್ರು ನಿಂತ್ರೇನೇ ಹೆಂಗಸ್ರ ಬಹುಮಾನ. ಇಲ್ಲಾಂದ್ರೆ ಅವರ ಹಾಸಿಗೇನೂ ಗಂಡಸ್ರಿಗೆ ಹೋಗುತ್ತೆ. ಹೆಂಗಸ್ರ ಓಟ ಇಲ್ಲ."

"ನಡಿಗೆ," ಎಂದಳು ಮೀಟರಕ್ಕ, ಅಭ್ಯಾಸಬಲದಿಂದ.

"ಯಾವುದೋ ಒಂದು. ಇಲ್ಲ."

"ರದ್ದು ಮಾಡಿ ಅಂತ ನಾನು ಬರೆದಿಲ್ಲ!" ದಂತವೈದ್ಯೆ ಎದ್ದು ನಿಂತಳು, ಮೀಟರಕ್ಕ ಧೊಪ್ಪನೆ ನೆಲಕ್ಕಿಳಿದಳು. "ನನ್ನ ಮಗಳು ಯಾರ ಜೊತೆ ನಡೀಬೇಕು ಹಾಗಾದ್ರೆ? ನಿಮ್ಮ ದಿಂಬುಗಳ ಜೊತೆನಾ?"

ಗಂಡಸರ ಪಟ್ಟಿಯಲ್ಲಿ ಎಷ್ಟು ಜನರಿರಬೇಕೆಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಒಂದು ವರ್ಷ ಇಬ್ಬರೇ ನಿಂತು, ಮೂರನೆಯ ಬಹುಮಾನವನ್ನು ಕಾರ್ಯದರ್ಶಿಯೇ ಮನೆಗೆ ಒಯ್ದಿದ್ದ. ಈಗ ಅವನ ಮುಖ ಇದ್ದಕ್ಕಿದ್ದಂತೆ ಬೆಳಗಿತು. "ಅಯ್ಯೋ, ಇಷ್ಟು ಸುಲಭದ್ದಕ್ಕೆ ಯಾಕ್ ಒದ್ದಾಡ್ತಿದೀವಿ! ಹನ್ನೆರಡನೆಯವರು ನಮ್ಮ ಮೀಟರಕ್ಕನೇ. ಗೆರೆ ಮೇಲೆ ನಿಂತು, ನಾಲ್ಕು ಹೆಜ್ಜೆ ಹಾಕಿ, ಪಕ್ಕಕ್ಕೆ ಬಂದು ಕೂತ್ಕೊಳ್ಳಲಿ. ಲೆಕ್ಕ ಸರಿಹೋಯ್ತು! ಅವರಿಗಿಂತ ಅರ್ಹರು ಯಾರಿದಾರೆ? ನಲವತ್ತಮೂರು ವರ್ಷದ ದಾಖಲೆ ಅವರದು. ಕಳಂಕ ಇಲ್ಲದ ನಡಿಗೆ!" ಅವನು ಚಪ್ಪಾಳೆ ತಟ್ಟಿದ. ಯಜಮಾನನೂ ತಟ್ಟಿದ. ಕೆಳಗಿನಿಂದ ಮೊಮ್ಮಗಳು, ವಿಷಯ ಪೂರ್ತಿ ತಿಳಿಯದಿದ್ದರೂ, "ನಮ್ಮಜ್ಜಿ!" ಎಂದು ಕೂಗಿ ಶಿಳ್ಳೆ ಹಾಕಿದಳು.

ಪೆನ್ನು ಮೀಟರಕ್ಕನ ಕೈಗೆ ಬಂತು. ಹಗುರವಾದ ನೀಲಿ ಪೆನ್ನು. ಹಿಂಬದಿಯನ್ನು ಯಾರೋ ಕಚ್ಚಿದ್ದರು. ಇಂಥದೇ ಪೆನ್ನಿನಿಂದ ಅವಳು ಮೂವತ್ತೈದು ವರ್ಷ ಮೀಟರಿನ ಅಂಕಿಗಳನ್ನು ಬರೆದಿದ್ದಳು. ಬಾಗಿಲು ಹಾಕಿದ್ದ ಮನೆಗೂ ಅಂದಾಜಿನ ಅಂಕಿ ಬರೆದವಳಲ್ಲ. ಮೂರು ಸಲ ಹೋಗಿ, ಕಾಂಪೌಂಡಿನ ಮೇಲೆ ಬಗ್ಗಿ, ಕಂಡದ್ದನ್ನೇ ಬರೆದವಳು. ನೋಡಿ ಬರೀರಿ, ಅಷ್ಟೆ. ಕಾಗದ ಹಾಸಿಗೆಯ ಮೇಲೆ ಮೆಲ್ಲಗೆ ಏಳುತ್ತ ಇಳಿಯುತ್ತ ಉಸಿರಾಡುತ್ತಿದ್ದಂತಿತ್ತು. ತನ್ನ ಗಂಟಲಿನಿಂದ ಹೊರಟ ಮಾತನ್ನು ಅವಳು ಪಕ್ಕದ ಮನೆಯ ಮಾತಿನಂತೆ ಕೇಳಿಸಿಕೊಂಡಳು.

"ನಾನು ಓಡಿದ್ದೆ."

"ಇಲ್ಲ ಇಲ್ಲ, ನೀವು ಓಡೋದು ಬೇಡ. ನಾಲ್ಕು ಹೆಜ್ಜೆ ಸಾಕು," ಎಂದ ಕಾರ್ಯದರ್ಶಿ.

"ಆಗ. ನಲವತ್ತಮೂರು ವರ್ಷದ ಹಿಂದೆ. ಗೋದಾಮಿನ ಹಿಂದೆ ಯಾರೂ ಇರ್ಲಿಲ್ಲ. ಎರಡೂ ಕಾಲು ಎತ್ತಿ ಓಡಿದ್ದೆ. ಗೆದ್ದಿದ್ದು ನರ್ಸು; ನಾನಲ್ಲ."

ಕೆಳಗೆ ಹಾಸಿಗೆಯ ಕಿರ್ ಕಿರ್ ನಿಂತುಹೋಯಿತು. ಅದೊಂದೇ ಸದ್ದು ಮೀಟರಕ್ಕನಿಗೆ ಕೇಳಿಸಿದ್ದು. ಅಂದರೆ, ಅದು ಕೇಳಿಸದೆಹೋದದ್ದು.

"ಎಷ್ಟು ಹೆಜ್ಜೆ?" ದಂತವೈದ್ಯೆ ನಿಧಾನವಾಗಿ ಕೇಳಿದಳು.

"ಎಂಬತ್ತು."

"ಓಡೋವಾಗ ಎಣಿಸಿದ್ರಾ?"

"ಆಮೇಲೆ. ಇನ್ನೂ ಎಣಿಸ್ತಾನೇ ಇದೀನಿ."

ಹಾಸಿಗೆ ಯಜಮಾನ ಸಮಾಧಾನದ ದನಿಯಲ್ಲಿ, "ನಲವತ್ತಮೂರು ವರ್ಷ ಆಯ್ತಲ್ಲ ಬಿಡಿ, ವಾರಂಟಿ ಮುಗಿದಿರುತ್ತೆ," ಎಂದ. ಕಾರ್ಯದರ್ಶಿ ಬಿಳಿಚಿಕೊಂಡು, "ಇದನ್ನ ನಡಾವಳಿಯಲ್ಲಿ ಹೇಗ್ರೀ ಬರೀಲಿ? ಯಾವ ತಲೆಬರಹದ ಕೆಳಗೆ?" ಎಂದು ಪುಸ್ತಕವನ್ನು ತಿರುವಿ ಹಾಕತೊಡಗಿದ.

"ಇತರೆ ವಿಷಯಗಳು ಅಂತ ಬರ್ಕೊಳಪ್ಪ," ಎಂದಳು ಮೀಟರಕ್ಕ. ವಿಚಿತ್ರವೆಂದರೆ ಅವಳ ಮೂಗು ಬೆವರಿರಲಿಲ್ಲ. "ಅನುಚಿತ ಅನುಕೂಲ ಅಂದ್ರೇನು ಅಂತ ಈ ಕೋಣೇಲಿ ಗೊತ್ತಿರೋದು ನನಗೊಬ್ಬಳಿಗೇ. ನನಗೆ ಒಂದು ಗೋದಾಮಿತ್ತು. ಆ ಹುಡುಗಿಗೆ ಏನಿದೆ, ಎಷ್ಟಿದೆ, ನನಗೆ ಗೊತ್ತಿಲ್ಲ. ಅದನ್ನ ನೋಡೋ ಡಾಕ್ಟ್ರು ನೋಡಿದಾರೆ. ನಾನು ನೋಡೋದು ಕಾಲು ನೆಲದ ಮೇಲಿದೆಯಾ ಅಂತ. ನೋಡದೇ ಇರೋದಕ್ಕೆ ನಾನು ಸೈನ್ ಹಾಕಲ್ಲ. ನನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೊಳ್ಳಿ. ನಾಳೆನೇ ನರ್ಸಿಗೆ ಕಾಗದ ಬರೀತೀನಿ."

ದಂತವೈದ್ಯೆ ತನ್ನ ದೂರನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಾನು ಒಪ್ಪಿದೀನಿ ಅಂತಲ್ಲ. ಒಕ್ಕೂಟಕ್ಕೇ ಬರೀತೀನಿ. ಈ ಸಲ ಮಕ್ಕಳು ನಡೀಲಿ ಮೊದಲು." ಯಜಮಾನನ ಕಡೆ ತಿರುಗಿ, "ಇನ್ನು ನೀವು. ಹನ್ನೆರಡಂತೆ ಹನ್ನೆರಡು! ಬಾಯಿ ಬಿಡಿ ನೋಡೋಣ ಒಂದ್ಸಲ ನನ್ನ ಕ್ಲಿನಿಕ್ಕಲ್ಲಿ," ಎಂದಳು. ಯಜಮಾನ ಬಾಯಿ ಮುಚ್ಚಿದ. ಹೆಸರು ಪಟ್ಟಿಯಲ್ಲಿ ಉಳಿಯಿತು.

ಮೀಟರಕ್ಕ ಕೆಳಗಿಳಿದಾಗ ಅಂಗಡಿಯಲ್ಲಿ ಮೊಮ್ಮಗಳಿರಲಿಲ್ಲ. ಹಾಸಿಗೆಯ ಮೇಲೆ ಅವಳು ಕುಳಿತಿದ್ದ ತಗ್ಗು ಮಾತ್ರ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಬೀದಿಯ ತುದಿಯಲ್ಲಿ ಅವಳ ಹಳದಿ ಅಂಗಿ ಕಾಣಿಸಿತು. ತಾನು ಕಲಿಸಿದ ನಡಿಗೆಯೇ, ಮೊಣಕಾಲು ನೆಟ್ಟಗೆ, ಸೊಂಟ ಉರುಳುತ್ತ, ಮೊಣಕೈ ಗಾಳಿಯನ್ನು ಹಿಂದಕ್ಕೆ ತಳ್ಳುತ್ತ. ಎಷ್ಟು ಚೆಂದವಾಗಿ ಸಿಟ್ಟಾಗಿದ್ದಾಳೆ, ತೀರ್ಪುಗಾರರ ಒಂದು ಹಲಗೆಗೂ ಎಡೆಯಿಲ್ಲದಂತೆ! "ಏ ಪುಟ್ಟಿ, ನಿಲ್ಲೇ," ಎಂದು ಕೂಗಿದಳು. ಹುಡುಗಿ ನಿಲ್ಲಲಿಲ್ಲ. ಮೀಟರಕ್ಕ ನಡೆದಳು, ವೇಗವಾಗಿ ನಡೆದಳು, ಅರವತ್ತೆಂಟು ವರ್ಷದ ಕೀಲುಗಳು ಅನುಮತಿಸಿದ ಕೊನೆಯ ವೇಗದಲ್ಲಿ ನಡೆದಳು. ಅಂತರ ಹೆಚ್ಚುತ್ತಲೇ ಹೋಯಿತು. ಮುಂದೆ ಔಷಧದ ಅಂಗಡಿಯ ತಿರುವು. ಅಲ್ಲಿಗೆ ಮುಟ್ಟಿದರೆ ಹುಡುಗಿ ಬಸ್ಸು ಹತ್ತುತ್ತಾಳೆ, ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಆ ಬಾಗಿಲು ಎಷ್ಟು ವರ್ಷ ಮುಚ್ಚಿರುತ್ತದೋ ಯಾರಿಗೆ ಗೊತ್ತು.

ಓಡಿದಳು. ಹಾಡುಹಗಲಲ್ಲಿ, ಇಡೀ ಬೀದಿ ನೋಡುತ್ತಿರುವಂತೆ, ಸೀರೆಯನ್ನು ಮೊಣಕಾಲಿಗೆತ್ತಿ, ಕೈಚೀಲ ಬೆನ್ನಿಗೆ ಬಡಿಯುತ್ತ, ಎರಡೂ ಕಾಲನ್ನು ನೆಲದಿಂದ ಎತ್ತಿ ಎತ್ತಿ ಮುಖ್ಯ ತೀರ್ಪುಗಾರ್ತಿ ಓಡಿದಳು. ಬಸ್ಸಿಗೆ ಕಾಯುತ್ತಿದ್ದವರು ದಾರಿ ಬಿಟ್ಟು ಬಾಯಿ ತೆರೆದರು. ಕನ್ನಡಕದವಳು ಅಡ್ಡಬೀದಿಯ ಮೂಲೆಯಲ್ಲಿದ್ದ ತನ್ನ ಅಂಗಡಿಯ ಮೆಟ್ಟಿಲಿಗೆ ಬಂದು, ತಿರುಪುಳಿಯನ್ನೇ ಮೇಲೆತ್ತಿ ಹಿಡಿದು, "ಮೀಟರಕ್ಕಾ, ಎರಡೂ ಎದ್ದಿದೆ! ಎರಡೂ ಎದ್ದಿದೆ!" ಎಂದು ಕಿರುಚಿದಳು.

ಆ ಕಿರುಚಾಟಕ್ಕೆ ಮೊಮ್ಮಗಳು ತಿರುಗಿ ನೋಡಿದಳು. ನೋಡಿ ನಿಂತಳು. ಅಳುತ್ತಿದ್ದ ಆ ಮುಖಕ್ಕೆ, ಸುಕ್ಕುಗಟ್ಟಿದ ಎರಡು ಮೊಣಕಾಲುಗಳು ತನ್ನತ್ತ ಹಾರಿ ಬರುತ್ತಿರುವ ದೃಶ್ಯವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೂಗಿನಿಂದ ಮೊದಲು ಒಂದು ಗುಳ್ಳೆ ಬಂತು, ಆಮೇಲೆ ನಗು. ಮೀಟರಕ್ಕ ಅವಳ ಭುಜಕ್ಕೆ ಡಿಕ್ಕಿ ಹೊಡೆದು, ಅದನ್ನೇ ಹಿಡಿದುಕೊಂಡು, ಏದುಸಿರು ಬಿಟ್ಟಳು.

"ಪ್ರಬಂಧ ಓದುವಾಗ ಪಕ್ಕದಲ್ಲೇ ಕೂತಿದ್ದೆಯಲ್ಲಜ್ಜಿ," ಎಂದಳು ಹುಡುಗಿ, ಮೂಗೊರೆಸಿಕೊಳ್ಳುತ್ತ. "ಚಪ್ಪಾಳೆ ಬೇರೆ ತಟ್ಟಿದೆ."

"ತಟ್ಟಿದೆ ಕಣೆ."

"ನಾಚಿಕೆ ಆಗ್ಲಿಲ್ವಾ?"

"ಆಯ್ತು. ಅದಕ್ಕೇ ಜೋರಾಗಿ ತಟ್ಟಿದೆ."

ಮೊಮ್ಮಗಳು ಅಜ್ಜಿಯ ಕೈಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಕಣ್ಣು ಬೇರೆಲ್ಲೋ ಇತ್ತು. ಬಸ್ಸು ಬಂದು, ನಿಂತು, ಇಬ್ಬರನ್ನೂ ಬಿಟ್ಟು ಹೊರಟುಹೋಯಿತು. ಅವರು ಮನೆಯ ಕಡೆಗೆ ನಡೆಯತೊಡಗಿದರು, ಯಾರೂ ಯಾರನ್ನೂ ಹಿಂದೆ ಹಾಕದ ವೇಗದಲ್ಲಿ. ಔಷಧದ ಅಂಗಡಿಯ ತಿರುವು ದಾಟಿದ ಮೇಲೆ ಹುಡುಗಿ ಕೇಳಿದಳು:

"ಅಜ್ಜಿ, ಇನ್ನೊಂದ್ಸಲ ಹೇಳು. ಮೊದಲಿಂದ ಹೇಳು. ಈ ಸಲ ಓಡಿದ್ದನ್ನೂ ಸೇರಿಸಿ."